ಜಿಜ್ಞಾಸುವಿಗೆ ಮೂರು ಗ್ರಂಥಗಳು

ಬೆಂಗಳೂರು ದಂಡನ್ನು ದಾಟಿ, ಹಲಸೂರು ಇಂದಿರಾನಗರಗಳನ್ನು ಹಿಂದೆ ಬಿಟ್ಟು ಪೂರ್ವಾಭಿಮುಖವಾಗಿ ನಡೆದವರಿಗೆ ಬೈಯಪ್ಪನಹಳ್ಳಿಯ ಆಚೆಯಲ್ಲಿ ಕಗ್ಗದಾಸಪುರವು ದೊರೆಯುವುದು. ಒಂದು ಕಾಲಕ್ಕೆ ಕೆರೆಯನ್ನು ನೆಚ್ಚಿ ಬಾಳಿದ ಹಳ್ಳಿಯಾಗಿದ್ದ ಇದು ಈಗ ಮಹಾನಗರದೊಳಗೆ ಸೇರಿಹೋಗಿದೆ. ಕೆರೆಯೇನೋ ಇನ್ನೂ ಉಂಟು. ಅದರ ಸುತ್ತಲೂ ಎತ್ತರವಾದ ವಸತಿಗೃಹಗಳು ಎದ್ದಿವೆ. ಊರಿಗೆ ಹೊಂದಿಕೊಂಡೇ ಇರುವ ಬಡಾವಣೆಗೆ ಸಿ. ವಿ. ರಾಮನ್ ನಗರವೆಂದು ಹೆಸರು. ದೇಶರಕ್ಷಣೆಗೆ ಸಂಬಂಧಪಟ್ಟ ಸಂಶೋಧನಾಲಯಗಳು ಅಲ್ಲಿರುವುದರಿಂದ ಆ ಹೆಸರು ಆ ಸ್ಥಳಕ್ಕೆ ಅನುರೂಪವಾಗಿಯೇ ಇದೆ. ಬಸ್ಸಿನ ಹಲಗೆಯ ಮೇಲೆ, ಅಂಗಡಿಗಳ ನಾಮಫಲಕಗಳ ಮೇಲೆ, ಅಂಚೆಯ ವಿಳಾಸಗಳಲ್ಲಿ ಆ ಮಹನೀಯರ ಹೆಸರು ದಿನಕ್ಕೆ ಸಾವಿರಾರು ಸಲ ಓದಲ್ಪಡುತ್ತಿದೆ.

ಆದರೆ ಹೆಸರಿಗೆ ಒಂದು ದೌರ್ಬಲ್ಯವುಂಟು. ಅದನ್ನು ಬಳಸಿದಷ್ಟೂ ಅದರ ಅರ್ಥವು ಸವೆಯುವುದು. ರಾಮನ್ನರು ಈ ಪೂರ್ವದಿಕ್ಕಿನ ಬಡಾವಣೆಯಲ್ಲಿ ವಾಸಿಸಿದವರಲ್ಲ. ಅವರ ಹೆಸರಿನ ಸಂಶೋಧನ ಸಂಸ್ಥೆಯು ನಗರದ ಉತ್ತರಭಾಗದಲ್ಲಿದೆ. ಇಲ್ಲಿರುವುದು ನಾಮಧೇಯ ಮಾತ್ರ. ಆ ನಾಮಧೇಯದ ಹಿಂದೆ ಇದ್ದ ಬುದ್ಧಿಯು ಯಾವ ಆಹಾರದಿಂದ ಬೆಳೆಯಿತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳರು. ಸುದೈವದಿಂದ ಆ ಪ್ರಶ್ನೆಗೆ ಅವರೇ ಉತ್ತರವನ್ನು ಕೊಟ್ಟು ಹೋಗಿದ್ದಾರೆ. ತಮ್ಮ ಮೇಲೆ ಪ್ರಭಾವವನ್ನು ಬೀರಿದ ಗ್ರಂಥಗಳ ವಿಷಯವಾಗಿ ಬರೆದ ಪ್ರಬಂಧವೊಂದರಲ್ಲಿ ರಾಮನ್ನರು ಮೂರೇ ಮೂರು ಗ್ರಂಥಗಳನ್ನು ಎತ್ತಿ ಹೇಳಿದರು. ಒಂದನೆಯದು ಎಡ್ವಿನ್ ಆರ್ನಾಲ್ಡ್ ಕವಿಯ ‘ಲೈಟ್ ಆಫ್ ಏಷ್ಯಾ’. ಎರಡನೆಯದು ಯೂಕ್ಲಿಡನ ‘ಎಲಿಮೆಂಟ್ಸ್’, ಎಂದರೆ ರೇಖಾಗಣಿತದ ಮೂಲತತ್ತ್ವಗಳು. ಮೂರನೆಯದು ಹೆಲ್ಮ್‌ಹೋಲ್ಟ್ಸ್ ಪಂಡಿತನ ‘ಸೆನ್ಸೇಷನ್ಸ್ ಆಫ್ ಟೋನ್’, ಎಂದರೆ ನಾದದ ಗ್ರಹಣವನ್ನು ಕುರಿತ ಶಾಸ್ತ್ರ. ಒಂದು ಕಾವ್ಯ, ಒಂದು ಗಣಿತ, ಒಂದು ಭೌತವಿಜ್ಞಾನ.

ಓದಬೇಕಾದ ಗ್ರಂಥಗಳ ಪಟ್ಟಿಗಳಿಗೆ ಈ ಕಾಲದಲ್ಲಿ ಕೊರತೆಯಿಲ್ಲ. ನೂರು ಗ್ರಂಥಗಳ ಪಟ್ಟಿಯನ್ನು ಬರೆದುಕೊಂಡು ಹತ್ತನ್ನು ಕೊಂಡು ಎರಡರ ಮುನ್ನುಡಿಯನ್ನು ಓದಿ ಸುಮ್ಮನಾಗುವುದು ವಿದ್ಯಾವಂತ ಕುಟುಂಬಗಳಲ್ಲಿಯೂ ಕಾಣುವ ಸಂಗತಿಯೇ. ಹೀಗಿರಲು ಮೂರು ಗ್ರಂಥಗಳ ಈ ಕಿರಿಯ ಪಟ್ಟಿಯಲ್ಲಿ ವಿಶೇಷವೇನು? ಇವು ಶ್ರೇಷ್ಠವೆಂಬುದಷ್ಟೇ ವಿಶೇಷವಲ್ಲ. ಇವುಗಳನ್ನು ಓದಿದವನು ಓದಿ ಏನು ಮಾಡಿದನೆಂಬುದು ನಮಗೆ ತಿಳಿದಿದೆ. ಔಷಧಿಯ ಹೆಸರನ್ನು ಹೇಳುವವರು ಅನೇಕರು; ಸೇವಿಸಿ ಗುಣಹೊಂದಿದವನ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ಮೊದಲು ‘ಜಿಜ್ಞಾಸೆ’ ಎಂಬ ಶಬ್ದವನ್ನು ವಿಚಾರಿಸುವುದು ಯುಕ್ತವಾಗಿದೆ. ತಿಳಿಯಬೇಕೆಂಬ ಇಚ್ಛೆಯೇ ಜಿಜ್ಞಾಸೆ. ಜೈಮಿನಿಯ ಮೀಮಾಂಸಾಸೂತ್ರಗಳೂ ಬಾದರಾಯಣರ ಬ್ರಹ್ಮಸೂತ್ರಗಳೂ ಈ ಶಬ್ದವುಳ್ಳ ಸೂತ್ರದಿಂದಲೇ ಆರಂಭವಾಗುತ್ತವೆ. ನಮ್ಮ ಪೂರ್ವಿಕರು ಶಾಸ್ತ್ರದ ಬಾಗಿಲಿನಲ್ಲಿ ನಿಲ್ಲಿಸಿದುದು ಉತ್ತರವನ್ನಲ್ಲ, ತಿಳಿಯುವ ಆಸೆಯನ್ನು. ಬಾಗಿಲನ್ನು ದಾಟಿದ ಮೇಲೆ ಪ್ರತಿಯೊಂದು ಅಧಿಕರಣಕ್ಕೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳನ್ನು ಕಲ್ಪಿಸಿದರು. ವಿಷಯವು ಗೊತ್ತಾದೊಡನೆಯೇ ಸಿದ್ಧಾಂತಕ್ಕೆ ಹಾರುವಂತಿಲ್ಲ. ನಡುವೆ ಸಂಶಯವೆಂಬ ಹೊಳೆಯನ್ನು ಈಜಲೇಬೇಕು. ಬುದ್ಧಿಯನ್ನು ಕೆರಳಿಸುವ ಗ್ರಂಥವಾವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣವು ದೊರೆಯದು. ಯಾವ ಗ್ರಂಥವು ಓದುಗನ ಸಂಶಯಕ್ಕೆ ಎಡೆಕೊಡುವುದೋ, ಅವನ ಪೂರ್ವಪಕ್ಷಕ್ಕೆ ಅಂಜುವುದಿಲ್ಲವೋ, ಅದೇ ಜಿಜ್ಞಾಸುವಿಗೆ ತಕ್ಕ ಗ್ರಂಥವು. ರಾಮನ್ನರ ಮೂರು ಗ್ರಂಥಗಳನ್ನೂ ಈ ಒರೆಗಲ್ಲಿನ ಮೇಲೆ ಉಜ್ಜಿ ನೋಡಬಹುದು.

ಚಂದ್ರಶೇಖರ ವೆಂಕಟ ರಾಮನ್ನರು ೧೮೮೮ರಲ್ಲಿ ತಿರುಚಿನಾಪಳ್ಳಿಯಲ್ಲಿ ಜನಿಸಿದರು. ತಂದೆಯವರು ಗಣಿತ ಭೌತವಿಜ್ಞಾನಗಳ ಉಪಾಧ್ಯಾಯರು, ಪಿಟೀಲನ್ನು ನುಡಿಸಬಲ್ಲವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿರುವಾಗಲೇ, ೧೯೦೬ರಲ್ಲಿ, ಇವರ ಮೊದಲನೆಯ ಸಂಶೋಧನ ಲೇಖನವು ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ೧೯೦೭ರಲ್ಲಿ ಸರಕಾರದ ಹಣಕಾಸಿನ ಇಲಾಖೆಯನ್ನು ಸೇರಿ ಕಲ್ಕತ್ತೆಗೆ ಹೋದರು. ಹಗಲು ಕಛೇರಿಯ ಲೆಕ್ಕ. ಬೆಳಗ್ಗೆ ಸಂಜೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆ. ಹತ್ತು ವರ್ಷಗಳ ತರುವಾಯ, ೧೯೧೭ರಲ್ಲಿ, ಆಶುತೋಷ ಮುಖರ್ಜಿಯವರ ಆಹ್ವಾನವನ್ನು ಮನ್ನಿಸಿ, ಹೆಚ್ಚಿನ ಸಂಬಳದ ಅಧಿಕಾರವನ್ನು ಬಿಟ್ಟು ಕಡಮೆ ಸಂಬಳದ ಅಧ್ಯಾಪಕಪದವಿಯನ್ನು ಸ್ವೀಕರಿಸಿದರು. ಮುಂದಿನದು ಲೋಕವಿದಿತವಾಗಿದೆ: ೧೯೨೮ರ ಫೆಬ್ರುವರಿ ೨೮ರಂದು ಅವರ ಹೆಸರಿನ ಪರಿಣಾಮದ ಶೋಧ, ೧೯೩೦ರಲ್ಲಿ ನೊಬೆಲ್ ಪಾರಿತೋಷಕ, ೧೯೩೩ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರದ ನಿರ್ದೇಶಕಪದವಿ, ೧೯೪೮ರಲ್ಲಿ ಸ್ವಂತ ಸಂಶೋಧನ ಸಂಸ್ಥೆ, ೧೯೭೦ರಲ್ಲಿ ಈ ನಗರದಲ್ಲಿಯೇ ದೇಹಾವಸಾನ. ಆ ಶೋಧದ ಪೂರ್ಣ ವಿವರಣೆಯನ್ನು ಅವರು ವಿದ್ವಾಂಸರ ಮುಂದೆ ಇಟ್ಟುದು ೧೯೨೮ರ ಮಾರ್ಚ್ ೧೬ರಂದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದು ಈ ನಗರದವರು ನೆನೆಯಬೇಕಾದ ಸಂಗತಿ.

ಇನ್ನು ಮೊದಲನೆಯ ಗ್ರಂಥ. ಎಡ್ವಿನ್ ಆರ್ನಾಲ್ಡನು ಪುಣೆಯ ಸಂಸ್ಕೃತ ಪಾಠಶಾಲೆಯ ಮುಖ್ಯಸ್ಥನಾಗಿ ಬಂದು ಕೆಲವು ವರ್ಷ ಇಲ್ಲಿದ್ದು, ಅನಂತರ ಲಂಡನ್ನಿನಲ್ಲಿ ಪತ್ರಿಕಾಸಂಪಾದಕನಾಗಿದ್ದವನು. ೧೮೭೯ರಲ್ಲಿ ಪ್ರಕಟವಾದ ಅವನ ಕಾವ್ಯವು ಎಂಟು ಸರ್ಗಗಳಲ್ಲಿ ಬುದ್ಧಚರಿತೆಯನ್ನು ಹೇಳುವುದು. ಅದರ ಮುಖ್ಯ ಆಧಾರವು ‘ಲಲಿತವಿಸ್ತರ’. ಇತಿಹಾಸದೃಷ್ಟಿಯಿಂದ ನೋಡುವ ಪಂಡಿತರು ಅದರಲ್ಲಿ ದೋಷಗಳನ್ನು ತೋರಿಸಿದರು. ಕವಿಯು ಪುರಾಣವನ್ನೂ ಚರಿತ್ರೆಯನ್ನೂ ಬೇರ್ಪಡಿಸಲಿಲ್ಲವೆಂಬ ಆಕ್ಷೇಪಣೆಯು ನ್ಯಾಯವಾದುದೇ. ಆದರೂ ಆ ಕಾವ್ಯವು ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿಯವರ ಮನಸ್ಸನ್ನು ಸೆಳೆಯಿತು. ತಿರುಚಿನಾಪಳ್ಳಿಯಲ್ಲಿ ಹುಟ್ಟಿದ ಈ ಹುಡುಗನ ಮನಸ್ಸನ್ನೂ ಸೆಳೆಯಿತು. ರಾಜ್ಯವನ್ನು ಬಿಟ್ಟು ಸತ್ಯವನ್ನು ಅರಸಲು ಹೊರಟ ರಾಜಕುಮಾರನ ಕಥೆಯನ್ನು ಓದಿದವನು ಮುಂದೆ ಅಧಿಕಾರವನ್ನು ಬಿಟ್ಟು ಪ್ರಯೋಗಶಾಲೆಗೆ ನಡೆದನು. ಪುಸ್ತಕವೊಂದೇ ಇದಕ್ಕೆ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಬಿಡುವುದೂ ಒಂದು ಸಾಧನೆಯೆಂಬ ಭಾವನೆಯು ಎಳೆಯ ವಯಸ್ಸಿನಲ್ಲಿ ಬೇರೂರಿದುದಕ್ಕೆ ಅವರ ಮಾತೇ ಪ್ರಮಾಣವಾಗಿದೆ.

ಬುದ್ಧನ ಕಥೆಯಲ್ಲಿ ಜಿಜ್ಞಾಸುವಿಗೆ ಮತ್ತೊಂದು ಆಕರ್ಷಣೆಯುಂಟು. ಪಾಲಿಯ ‘ಅಂಗುತ್ತರನಿಕಾಯ’ದಲ್ಲಿ ಕೇಸಪುತ್ತವೆಂಬ ಊರಿನ ಕಾಲಾಮರು ಬುದ್ಧನನ್ನು ಕಂಡು, ಬಂದ ಉಪದೇಶಕರೆಲ್ಲರೂ ತಮ್ಮ ಮತವನ್ನು ಹೊಗಳಿ ಇತರರ ಮತವನ್ನು ಹಳಿಯುತ್ತಾರೆ, ಯಾರನ್ನು ನಂಬುವುದೆಂದು ಕೇಳುತ್ತಾರೆ. ಕೇಳಿಕೆಯೆಂದಾಗಲಿ, ಪರಂಪರೆಯೆಂದಾಗಲಿ, ಹೇಳಿದವನು ಗುರುವೆಂದಾಗಲಿ ಒಪ್ಪದೆ, ತಾವೇ ಪರೀಕ್ಷಿಸಿ ಒಳಿತೆಂದು ಕಂಡುದನ್ನು ಸ್ವೀಕರಿಸಿರೆಂಬುದು ಅಲ್ಲಿನ ಉತ್ತರದ ಸಾರ. ಆರ್ನಾಲ್ಡನನ್ನು ಓದಿದ ಕನ್ನಡಿಗನು ಅದೇ ನ್ಯಾಯದಿಂದ ಒಂದು ಪ್ರಶ್ನೆಯನ್ನು ಕೇಳಬಹುದು: ಈ ಮಹಾಪುರುಷನ ಮಾತು ನಮ್ಮ ನಾಡಿಗೆ ಬಂದಿತ್ತೇ? ಉತ್ತರವು ಕಲ್ಲಿನ ಮೇಲಿದೆ. ಕಾವ್ಯವು ಅಚ್ಚಾದ ಹದಿಮೂರು ವರ್ಷಗಳ ತರುವಾಯ, ೧೮೯೨ರಲ್ಲಿ, ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ೧೯೧೫ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನೆಂಬ ಹೆಸರೇ ಇರುವ ಶಾಸನವು ಬೆಳಕಿಗೆ ಬಂದಿತು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಭೀಮಾತೀರದ ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪವೂ, ಹೆಸರನ್ನು ಕೊರೆದಿರುವ ಅಶೋಕನ ಶಿಲ್ಪವೂ ದೊರೆತುವು. ಮಂಗಳೂರಿನ ಕದ್ರಿಯಲ್ಲಿ ೯೬೮ನೆಯ ಇಸವಿಯ ಲೋಕೇಶ್ವರನ ಪ್ರತಿಮೆಯುಂಟು. ಡಂಬಳದಲ್ಲಿ ೧೦೯೫ರ ಶಾಸನವು ತಾರಾದೇವಿಯ ಆಲಯವನ್ನು ಹೇಳುವುದು. ಲಂಡನ್ನಿನಲ್ಲಿ ಅಚ್ಚಾದ ಕಾವ್ಯವೊಂದು ಓದುಗನನ್ನು ಅವನ ಊರಿನ ಬಂಡೆಗೇ ಕರೆದುತಂದು ನಿಲ್ಲಿಸಿತು.

ಎರಡನೆಯ ಗ್ರಂಥವು ಕಾವ್ಯದಂತೆ ಮೃದುವಲ್ಲ. ಕ್ರಿಸ್ತಪೂರ್ವ ೩೦೦ರ ಸುಮಾರಿನಲ್ಲಿ ಅಲೆಕ್ಸಾಂಡ್ರಿಯಾ ಪಟ್ಟಣದಲ್ಲಿ ಯೂಕ್ಲಿಡನು ರಚಿಸಿದ ಈ ಗ್ರಂಥದಲ್ಲಿ ಹದಿಮೂರು ಭಾಗಗಳಿವೆ. ಬಿಂದು, ರೇಖೆ ಮೊದಲಾದುವುಗಳ ಲಕ್ಷಣಗಳನ್ನು ಹೇಳಿ, ಐದು ಅಂಗೀಕಾರಗಳನ್ನು ಬೇಡಿ, ಅಷ್ಟರಿಂದಲೇ ಒಂದರ ಮೇಲೊಂದಾಗಿ ನೂರಾರು ಪ್ರಮೇಯಗಳನ್ನು ಗ್ರಂಥಕರ್ತನು ಕಟ್ಟುವನು. ಮೊದಲು ಬಂದುದರಿಂದಲೇ ಮುಂದಿನದು ಸಿದ್ಧವಾಗಬೇಕು. ಕಣ್ಣಿಗೆ ಹಾಗೆ ಕಾಣುವುದೆಂಬುದು ಪ್ರಮಾಣವಲ್ಲ. ನಮ್ಮ ದೇಶದಲ್ಲಿಯೂ ಯಜ್ಞವೇದಿಯ ನಿರ್ಮಾಣಕ್ಕಾಗಿ ಬೌಧಾಯನನು ಕರ್ಣದ ನಿಯಮವನ್ನು ಯೂಕ್ಲಿಡನಿಗಿಂತ ಮುಂಚೆಯೇ ಹೇಳಿದ್ದನು. ಸೂತ್ರದಲ್ಲಿ ನಿಯಮ ಮಾತ್ರ ಉಂಟು. ಉಪಪತ್ತಿಯನ್ನು ವ್ಯಾಖ್ಯಾನಕಾರರೂ ಕೇರಳದ ‘ಯುಕ್ತಿಭಾಷಾ’ದಂತಹ ಗ್ರಂಥಗಳೂ ವಿಸ್ತರಿಸಿದುವು. ಯೂಕ್ಲಿಡನಲ್ಲಾದರೋ ಉಪಪತ್ತಿಯೇ ಗ್ರಂಥದ ಶರೀರವಾಗಿದೆ.

ಈ ಗ್ರಂಥವು ಸಂಸ್ಕೃತಕ್ಕೆ ಬಂದ ವೃತ್ತಾಂತವು ಸ್ವಾರಸ್ಯವಾಗಿದೆ. ಹದಿಮೂರನೆಯ ಶತಮಾನದಲ್ಲಿ ನಸೀರುದ್ದೀನ್ ತೂಸಿ ಎಂಬ ಪಾರಸಿಕ ವಿದ್ವಾಂಸನು ಅರಬ್ಬಿಯಲ್ಲಿ ಇದನ್ನು ಪರಿಷ್ಕರಿಸಿದನು. ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಮುಂದೆ ಜಯಪುರವನ್ನು ಕಟ್ಟಿಸಿದ ಸವಾಯಿ ಜಯಸಿಂಹನ ಆಸ್ಥಾನದ ಜಗನ್ನಾಥ ಸಮ್ರಾಟ್ ಎಂಬ ಪಂಡಿತನು ಅರಬ್ಬಿಯನ್ನು ಕಲಿತು, ಅದನ್ನು ‘ರೇಖಾಗಣಿತ’ವೆಂಬ ಹೆಸರಿನಿಂದ ಹದಿನೈದು ಅಧ್ಯಾಯಗಳ ಸಂಸ್ಕೃತಗ್ರಂಥವಾಗಿ ರಚಿಸಿದನು. ಆದರೆ ಗ್ರಂಥದಲ್ಲಿ ಯೂಕ್ಲಿಡನ ಹೆಸರೇ ಇಲ್ಲ! ಬ್ರಹ್ಮನು ವಿಶ್ವಕರ್ಮನಿಗೆ ಉಪದೇಶಿಸಿದ ಶಾಸ್ತ್ರವೆಂದು ಅದನ್ನು ಪರಿಚಯಿಸಲಾಗಿದೆ. ಹೊಸತನ್ನು ಹಳೆಯದೆಂದು ತೋರಿಸಿದರೆ ಮಾತ್ರ ಪಂಡಿತಮಂಡಲಿಯು ಒಪ್ಪೀತೆಂದು ಆತನು ಭಾವಿಸಿದ್ದಿರಬಹುದು. ಅರಬ್ಬಿಯನ್ನು ಕಲಿಯುವ ಧೈರ್ಯವುಳ್ಳವನಿಗೂ ಪರದೇಶದ ಹೆಸರನ್ನು ಹೇಳುವ ಅನುಕೂಲವಿರಲಿಲ್ಲವೆಂಬುದು ವಿಷಾದದ ಸಂಗತಿ. ಜ್ಞಾನವನ್ನು ಪಡೆಯುವಾಗ ಅದು ಯಾರದೆಂದು ಹೇಳುವುದೂ ಜ್ಞಾನದ ಒಂದು ಭಾಗವೇ ಆಗಿದೆ.

ಯೂಕ್ಲಿಡನಲ್ಲಿ ಸಂಶಯಕ್ಕೆ ಎಡೆಯೆಲ್ಲಿ? ಅವನ ಐದನೆಯ ಅಂಗೀಕಾರದಲ್ಲಿ. ಒಂದು ಸರಳರೇಖೆಯು ಎರಡು ರೇಖೆಗಳನ್ನು ಕಡಿದಾಗ ಒಂದು ಬದಿಯ ಒಳಕೋನಗಳೆರಡೂ ಸೇರಿ ಎರಡು ಸಮಕೋನಗಳಿಗಿಂತ ಕಡಮೆಯಾದರೆ ಆ ರೇಖೆಗಳು ಅದೇ ಬದಿಯಲ್ಲಿ ಕೂಡುವುವೆಂದು ಅವನು ಕೇಳಿಕೊಂಡನು. ಉಳಿದ ನಾಲ್ಕರಷ್ಟು ಇದು ಸುಲಭವಲ್ಲ. ಇದು ಪ್ರಮೇಯವಾಗಿರಬೇಕೆಂದು ಶಂಕಿಸಿ ಎರಡು ಸಾವಿರ ವರ್ಷಗಳ ಕಾಲ ವಿದ್ವಾಂಸರು ಸಾಧಿಸಲು ಹೆಣಗಿದರು, ತೂಸಿಯೂ ಅವರಲ್ಲೊಬ್ಬನು. ಯಾರೂ ಗೆಲ್ಲಲಿಲ್ಲ. ಕೊನೆಗೆ ೧೮೨೯ರಲ್ಲಿ ರಷ್ಯದ ಲೊಬಾಚೆವ್‌ಸ್ಕಿಯೂ ೧೮೩೨ರಲ್ಲಿ ಹಂಗೆರಿಯ ಬೊಲ್ಯಾಯಿಯೂ ಆ ಅಂಗೀಕಾರವನ್ನು ಬಿಟ್ಟು ಬೇರೊಂದು ರೇಖಾಗಣಿತವನ್ನೇ ಪ್ರಕಟಿಸಿದರು. ಆ ದಾರಿಯಲ್ಲಿ ರೀಮಾನನು ಮುಂದುವರಿದನು. ೧೯೧೫ರಲ್ಲಿ ಐನ್‌ಸ್ಟೈನರು ಗುರುತ್ವಾಕರ್ಷಣೆಯ ಹೊಸ ಸಿದ್ಧಾಂತಕ್ಕೆ ರೀಮಾನನ ಗಣಿತವನ್ನೇ ಆಶ್ರಯಿಸಿದರು. ಯೂಕ್ಲಿಡನು ತನ್ನ ಅಂಗೀಕಾರವನ್ನು ಮುಚ್ಚಿಡದೆ ಬಹಿರಂಗವಾಗಿ ಬರೆದುದರಿಂದಲೇ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು. ಪ್ರಾಮಾಣಿಕವಾದ ಗ್ರಂಥವು ತನ್ನನ್ನು ಮೀರುವ ದಾರಿಯನ್ನು ತಾನೇ ತೋರಿಸಿಕೊಡುವುದು.

ಮೂರನೆಯ ಗ್ರಂಥದ ಕರ್ತನಾದ ಹೆಲ್ಮ್‌ಹೋಲ್ಟ್ಸನು ಜರ್ಮನಿಯಲ್ಲಿ ವೈದ್ಯವಿದ್ಯೆಯನ್ನು ಕಲಿತು ಭೌತವಿಜ್ಞಾನದಲ್ಲಿ ಮೇಲೆದ್ದವನು. ೧೮೬೩ರಲ್ಲಿ ಪ್ರಕಟವಾದ ಅವನ ಗ್ರಂಥವನ್ನು ಅಲೆಕ್ಸಾಂಡರ್ ಎಲ್ಲಿಸನು ೧೮೭೫ರಲ್ಲಿ ಇಂಗ್ಲಿಷಿಗೆ ತಂದನು. ಒಂದೇ ಷಡ್ಜವನ್ನು ವೀಣೆಯಲ್ಲಿ ಮೀಟಿದಾಗಲೂ ಕೊಳಲಿನಲ್ಲಿ ಊದಿದಾಗಲೂ ಬೇರೆಬೇರೆಯಾಗಿ ಕೇಳಿಸುವುದೇಕೆ? ಮೂಲಸ್ವರದೊಡನೆ ಹುಟ್ಟುವ ಉಪಸ್ವರಗಳ ಪ್ರಮಾಣವು ಬೇರೆಯಾಗಿರುವುದರಿಂದ, ಎಂದು ಅವನು ಟೊಳ್ಳಾದ ಗೋಳಗಳ ಅನುರಣನದಿಂದ ಒಂದೊಂದು ಉಪಸ್ವರವನ್ನೂ ಬಿಡಿಸಿ ತೋರಿಸಿದನು. ನಾದಗುಣವೆಂಬುದು ಅಂದಿನಿಂದ ಲೆಕ್ಕಕ್ಕೆ ಸಿಕ್ಕುವ ವಸ್ತುವಾಯಿತು. ನಮ್ಮ ಭರತಮುನಿಯೂ ನಾಟ್ಯಶಾಸ್ತ್ರದಲ್ಲಿ ಒಂದೇ ಶ್ರುತಿಯ ಎರಡು ವೀಣೆಗಳನ್ನಿಟ್ಟು, ಒಂದನ್ನು ಕದಲಿಸದೆ ಮತ್ತೊಂದನ್ನು ಇಳಿಸುತ್ತ ಹೋಗಿ ಇಪ್ಪತ್ತೆರಡು ಶ್ರುತಿಗಳನ್ನು ಕಿವಿಗೆ ತೋರಿಸುವ ಕ್ರಮವನ್ನು ಹೇಳಿದ್ದಾನೆ. ಕಿವಿಯನ್ನು ಪ್ರಮಾಣವನ್ನಾಗಿ ಮಾಡಿಕೊಂಡು ಪರೀಕ್ಷೆಗೆ ತೊಡಗುವ ಬುದ್ಧಿಯು ಇಬ್ಬರಲ್ಲಿಯೂ ಒಂದೇ.

ರಾಮನ್ನರು ಈ ಗ್ರಂಥವನ್ನು ಓದಿ ಕೊಂಡಾಡಿ ಸುಮ್ಮನಾಗಲಿಲ್ಲ. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ, ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟುವುದಿಲ್ಲವೆಂಬ ನಿಯಮವನ್ನು ಯಂಗ್ ಪಂಡಿತನು ಹೇಳಿದ್ದನು. ಹೆಲ್ಮ್‌ಹೋಲ್ಟ್ಸನು ಅದನ್ನು ಸಮರ್ಥಿಸಿದ್ದನು. ಪಾಶ್ಚಾತ್ಯ ವಾದ್ಯಗಳಲ್ಲಿ ಅದು ಸರಿಯೇ. ಆದರೆ ರಾಮನ್ನರು ವೀಣೆಯನ್ನೂ ತಂಬೂರಿಯನ್ನೂ ಪರೀಕ್ಷಿಸಿದರು. ಅವುಗಳ ಕುದುರೆಯು ಚೂಪಾಗಿಲ್ಲ, ಅಗಲವಾಗಿ ಬಾಗಿದೆ. ತಂತಿಯು ಅದುರುವಾಗ ಆ ಬಾಗಿನ ಮೇಲೆ ಸವರುತ್ತ ಹೋಗುವುದು. ತಂಬೂರಿಯಲ್ಲಿ ತಂತಿಯ ಕೆಳಗೆ ನೂಲೆಳೆಯನ್ನು ಸಿಕ್ಕಿಸುವುದೂ ಇದಕ್ಕಾಗಿಯೇ. ಈ ಕಾರಣದಿಂದ, ನಿಯಮದ ಪ್ರಕಾರ ಇರಬಾರದ ಉಪಸ್ವರಗಳೂ ಅಲ್ಲಿ ಸ್ಪಷ್ಟವಾಗಿ ಕೇಳಿಸುವುವೆಂದು ೧೯೨೧ರಲ್ಲಿ ಅವರು ತೋರಿಸಿದರು. ಸಾಮಾನ್ಯವಾದ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ನಡುವಿನ ಕಪ್ಪು ಕರಣೆಯ ಭಾರದಿಂದ ಅವು ಸುಸ್ವರವಾಗುವುವೆಂದು ೧೯೨೦ರಲ್ಲಿಯೇ ನಿರೂಪಿಸಿದ್ದರು. ಮೃದಂಗಕ್ಕೆ ಕರಣೆಯನ್ನು ಹಾಕಿದ ಅಜ್ಞಾತ ಶಿಲ್ಪಿಗಳು ಸಮೀಕರಣವನ್ನು ಬರೆದವರಲ್ಲ. ಆದರೆ ಅವರ ಕಿವಿಯು ಅದನ್ನು ಬಲ್ಲುದಾಗಿತ್ತು.

ಅದೇ ೧೯೨೧ರಲ್ಲಿ ರಾಮನ್ನರು ಮೊದಲ ಬಾರಿಗೆ ಸಮುದ್ರಯಾನವನ್ನು ಮಾಡಿದರು. ಕಡಲಿನ ನೀಲವರ್ಣವು ಆಕಾಶದ ಪ್ರತಿಬಿಂಬವೆಂದು ರ‍್ಯಾಲೆ ಪ್ರಭುಗಳಂತಹ ಮಹಾವಿಜ್ಞಾನಿಯು ಹೇಳಿದ್ದನು. ಹಡಗಿನ ಮೇಲಿನಿಂದಲೇ ಕೈಯಲ್ಲಿನ ಕಿರಿಯ ಸ್ಫಟಿಕಯಂತ್ರದಿಂದ ಪ್ರತಿಬಿಂಬದ ಬೆಳಕನ್ನು ತಡೆದು ನೋಡಿದರೆ ನೀಲಿಯು ಮಾಯವಾಗಲಿಲ್ಲ, ಇನ್ನೂ ಗಾಢವಾಯಿತು. ನೀರೇ ಬೆಳಕನ್ನು ಚದರಿಸುವುದೆಂಬ ನಿರ್ಣಯವು ಅಲ್ಲಿಂದ ಹೊರಟಿತು. ಏಳು ವರ್ಷಗಳ ಬಳಿಕ ದೊರೆತ ಮಹಾಶೋಧಕ್ಕೆ ಅದೇ ಮೊದಲ ಹೆಜ್ಜೆ. ಗುರುಗಳಲ್ಲಿ ಗೌರವವೂ ಗುರುವಾಕ್ಯದಲ್ಲಿ ಪರೀಕ್ಷೆಯೂ ಒಂದೇ ಹೃದಯದಲ್ಲಿ ಇರಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯು ಏಳುವುದು ಸಹಜ. ರಾಮನ್ನರು ಈ ಮೂರನ್ನೂ ಓದಿದುದು ಇಂಗ್ಲಿಷಿನಲ್ಲಿ. ಕನ್ನಡವೊಂದನ್ನೇ ಬಲ್ಲ ಜಿಜ್ಞಾಸುವಿಗೆ ಇದರಿಂದೇನು ಲಾಭ? ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಅದರೊಳಗೇ ಒಂದು ಸಮಾಧಾನವು ಅಡಗಿದೆ. ಈ ಮೂರರಲ್ಲಿ ಇಂಗ್ಲಿಷಿನ ಸ್ವಂತ ವಸ್ತುವಾದುದು ಯಾವುದು? ಯೂಕ್ಲಿಡನದು ಗ್ರೀಕಿನಿಂದ ಬಂದುದು. ಹೆಲ್ಮ್‌ಹೋಲ್ಟ್ಸನದು ಜರ್ಮನ್ನಿನಿಂದ ಬಂದುದು. ಆರ್ನಾಲ್ಡನ ಕಥಾವಸ್ತುವು ನಮ್ಮದೇ ದೇಶದಿಂದ ಹೋದುದು. ಇಂಗ್ಲಿಷು ಹುಟ್ಟಿನಿಂದ ಜ್ಞಾನದ ಭಾಷೆಯಲ್ಲ. ತಂದುಕೊಂಡು ತಂದುಕೊಂಡು ಹಾಗಾಯಿತು. ಅರಬ್ಬಿಯೂ ಹಾಗೆಯೇ ಬೆಳೆಯಿತು. ಕನ್ನಡವು ಆ ಮಾರ್ಗವನ್ನು ಹಿಡಿಯಲು ಅಡ್ಡಿಯೇನಿದೆ?

ಆ ಯತ್ನವು ನಡೆದೇ ಇಲ್ಲವೆಂದು ಹೇಳಲಾಗದು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಕನ್ನಡದ ‘ಕವಿರಾಜಮಾರ್ಗ’ವೂ ಮಹಾವೀರಾಚಾರ್ಯನ ಸಂಸ್ಕೃತ ‘ಗಣಿತಸಾರಸಂಗ್ರಹ’ವೂ ಹುಟ್ಟಿದುವು; ಒಂದೇ ಆಶ್ರಯದಲ್ಲಿ ನುಡಿಯ ಲಕ್ಷಣವೂ ಎಣಿಕೆಯ ಲಕ್ಷಣವೂ ಬೆಳೆದುವು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯು ನಾನಾ ಶಾಸ್ತ್ರಗಳ ಸಾರವನ್ನು ಕನ್ನಡ ಗದ್ಯಕ್ಕೆ ಇಳಿಸಿತು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಿಂದ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪಾರಿಭಾಷಿಕ ಶಬ್ದಗಳನ್ನು ಒಂದೊಂದಾಗಿ ಕಡೆದು ಕೊಟ್ಟ ಆ ಪತ್ರಿಕೆಯು ಎರಡೇ ವರ್ಷಗಳಲ್ಲಿ ನಿಂತುಹೋಯಿತು. ಬರೆಯುವವರಿದ್ದರು, ಓದುವವರು ಸಾಲಲಿಲ್ಲ. ಗ್ರಂಥವನ್ನು ಹೊಗಳುವ ಕುಟುಂಬಗಳೇ ಅದನ್ನು ಕೊಳ್ಳದಿದ್ದರೆ ಭಾಷೆಯ ಶಕ್ತಿಯನ್ನು ದೂಷಿಸಿ ಫಲವೇನು?

ಆದುದರಿಂದ ಕನ್ನಡದ ಜಿಜ್ಞಾಸುವಿಗೆ ಕೆಲವು ಗ್ರಂಥಗಳನ್ನು ಸೂಚಿಸುವುದು ಅಪ್ರಸ್ತುತವಾಗದು. ಮನೆಯಲ್ಲಿ ಮಕ್ಕಳಿದ್ದರೆ ಶಿವರಾಮ ಕಾರಂತರು ೧೯೩೬ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ ‘ಬಾಲಪ್ರಪಂಚ’ವನ್ನು ನೋಡಬೇಕು, ಕೆಲವು ಸಂಗತಿಗಳು ಹಳೆಯವಾಗಿರಬಹುದು, ಪ್ರಶ್ನೆ ಕೇಳುವ ರೀತಿಯು ಹಳೆಯದಾಗಿಲ್ಲ. ಗಿಡಮರಗಳನ್ನು ಪ್ರೀತಿಸುವವರಿಗೆ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’. ೧೯೭೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಇದರಲ್ಲಿ ಸಸ್ಯಶಾಸ್ತ್ರವು ನಗುನಗುತ್ತ ಕಾಡಿನಲ್ಲಿ ನಡೆಯುವುದು. ಕಥೆಯ ಮೂಲಕವೇ ಪ್ರಶ್ನೆಯನ್ನು ಬಯಸುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ೧೯೮೦ರ ‘ಕರ್ವಾಲೊ’. ಹಾರುವ ಓತಿಯೊಂದನ್ನು ಅರಸುತ್ತ ಹೋದವರು ಕಾಲವನ್ನೇ ಎದುರಿಸಿ ನಿಲ್ಲುವ ಕಥೆಯದು. ಬೌದ್ಧಮತವನ್ನು ತಿಳಿಯಲು ಜಿ. ಪಿ. ರಾಜರತ್ನಂ ಅವರು ಪಾಲಿಯನ್ನು ಕಲಿತು ಕನ್ನಡಕ್ಕೆ ತಂದ ಗ್ರಂಥಗಳಿವೆ. ನೆಲದ ಚರಿತ್ರೆಯಲ್ಲಿ ಆಸಕ್ತಿಯಿದ್ದರೆ ರೈಸರು ೧೯೦೫ರಲ್ಲಿ ಪ್ರಕಟಿಸಿದ, ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಭಾಗವನ್ನು ತೆರೆಯಬೇಕು, ಕಗ್ಗದಾಸಪುರಕ್ಕೆ ಅನತಿದೂರದ ದೊಮ್ಮಲೂರಿನ ದೇವಾಲಯದ ತಮಿಳು ಶಾಸನಗಳು ಅದರಲ್ಲಿವೆ. ಓದಿ, ನಡೆದು ಹೋಗಿ, ಕಲ್ಲನ್ನು ಮುಟ್ಟಿ ಬರಬಹುದು.

ಕಗ್ಗದಾಸಪುರದ ಹೆಸರನ್ನು ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವ ಗ್ರಂಥವೊಂದಿದೆ: ಡಿ. ವಿ. ಗುಂಡಪ್ಪನವರು ೧೯೪೩ರಲ್ಲಿ ಪ್ರಕಟಿಸಿದ ‘ಮಂಕುತಿಮ್ಮನ ಕಗ್ಗ’. ಕಗ್ಗವೆಂದರೆ ಸೊಗಸಿಲ್ಲದ ಒರಟು ರಚನೆ, ಮಂಕುತಿಮ್ಮನೆಂದರೆ ದಡ್ಡ. ಒಂಬೈನೂರ ನಲವತ್ತೈದು ಪದ್ಯಗಳಲ್ಲಿ ಬದುಕಿನ ಅರ್ಥವನ್ನು ವಿಚಾರಿಸಿದ ವಿದ್ವಾಂಸನು ತನ್ನ ಕೃತಿಗೆ ಇಟ್ಟ ಹೆಸರಿದು. ವಿನಯವೊಂದೇ ಇದಕ್ಕೆ ಕಾರಣವೆಂದು ತಿಳಿಯಬಾರದು. ದಡ್ಡನ ಮಾತೆಂದು ಮೊದಲೇ ಹೇಳಿದಾಗ ಓದುಗನು ತಲೆಬಾಗದೆ ಒರೆಹಚ್ಚಿ ನೋಡುವನು. ಒಪ್ಪಿದರೆ ತನ್ನ ವಿಚಾರದಿಂದ ಒಪ್ಪುವನು. ಕಾಲಾಮರಿಗೆ ಬುದ್ಧನು ಕೊಟ್ಟ ಸ್ವಾತಂತ್ರ್ಯವನ್ನೇ ಈ ಹೆಸರೂ ಕೊಡುವುದು. ‘ಹಸುರು ಹೊನ್ನಿ’ನ ಕರ್ತರು ಈ ಕವಿಯ ಪುತ್ರರೆಂಬುದೂ ಇಲ್ಲಿ ನೆನೆಯತಕ್ಕದ್ದೇ, ತಂದೆಯ ಪ್ರಶ್ನೆಗಳ ನಡುವೆ ಬೆಳೆದ ಮಗನು ತನ್ನ ಪ್ರಶ್ನೆಗಳನ್ನು ಗಿಡಗಳಲ್ಲಿ ಕಂಡುಕೊಂಡನು.

ಗ್ರಂಥಗಳ ಸಂಖ್ಯೆಯು ಮುಖ್ಯವಲ್ಲ. ಒಂದು ಗ್ರಂಥವನ್ನು ಕೈಗೆತ್ತಿಕೊಂಡವನು ಮೂರು ಸಂಗತಿಗಳನ್ನು ಗಮನಿಸಿದರೆ ಸಾಕು. ಗ್ರಂಥಕರ್ತನು ಯಾವುದನ್ನು ಸಾಧಿಸದೆ ಅಂಗೀಕರಿಸಿದನು? ಅವನ ಮಾತಿಗೆ ವಿರುದ್ಧವಾಗಿ ಏನು ಹೇಳಬಹುದು? ಅವನು ಕಾಣದ, ಓದುಗನ ಮನೆಯಲ್ಲಿಯೇ ಇರುವ ಯಾವ ವಸ್ತುವಿನಿಂದ ಅವನ ಮಾತನ್ನು ಪರೀಕ್ಷಿಸಬಹುದು? ಮೊದಲನೆಯ ಪ್ರಶ್ನೆಯು ಯೂಕ್ಲಿಡನ ಓದುಗರನ್ನು ಹೊಸ ರೇಖಾಗಣಿತಕ್ಕೆ ಒಯ್ದಿತು. ಎರಡನೆಯದು ರಾಮನ್ನರನ್ನು ಕಡಲಿನ ನೀಲಿಗೆ ಒಯ್ದಿತು. ಮೂರನೆಯದು ಅವರ ಕೈಗೆ ವೀಣೆಯನ್ನು ಕೊಟ್ಟಿತು. ಹೆಲ್ಮ್‌ಹೋಲ್ಟ್ಸನ ಬಳಿ ಇಲ್ಲದ ಸಾಧನವು ದಕ್ಷಿಣದೇಶದ ಸಾಮಾನ್ಯ ಗೃಹಸ್ಥನ ಗೋಡೆಗೆ ಒರಗಿಕೊಂಡಿತ್ತು. ಅದನ್ನು ದಿನವೂ ಕೇಳಿದವರು ಲಕ್ಷಾಂತರ ಮಂದಿ. ಪುಸ್ತಕವನ್ನೂ ಓದಿ ವೀಣೆಯನ್ನೂ ಕೇಳಿದವನಿಗೆ ಮಾತ್ರ ಅವೆರಡರ ನಡುವಣ ವಿರೋಧವು ಕಂಡಿತು.

ಈಗಲೂ ಕಗ್ಗದಾಸಪುರದ ಕೆರೆಯ ಏರಿಯ ಬಳಿಯ ಯಾವುದೋ ಮನೆಯಲ್ಲಿ ಹುಡುಗಿಯೊಬ್ಬಳು ಸಂಜೆಯ ಹೊತ್ತು ವೀಣೆಯ ಶ್ರುತಿಯನ್ನು ಕೂಡಿಸುತ್ತಿರಬಹುದು. ಪಕ್ಕದ ಕೋಣೆಯಲ್ಲಿ ಅವಳ ತಮ್ಮನು ರೇಖಾಗಣಿತದ ಪಾಠವನ್ನು ಶಪಿಸುತ್ತ ಕುಳಿತಿರಬಹುದು. ಬಸ್ಸಿನ ಹಲಗೆಯ ಮೇಲಿನ ಹೆಸರಿಗೂ ಈ ಎರಡು ಕೋಣೆಗಳಿಗೂ ಇರುವ ಸಂಬಂಧವನ್ನು ಆ ಮನೆಯ ಹಿರಿಯರು ಒಮ್ಮೆ ತಿಳಿಸಿಕೊಟ್ಟರೆ, ಆ ಮಹನೀಯರ ಹೆಸರನ್ನು ಬಡಾವಣೆಗೆ ಇಟ್ಟುದು ಸಾರ್ಥಕವಾದೀತು.